ಉಂಗುರದೊಳಗೊಂದು ಉಂಗುರ: ಸ್ಟಿರಾಯ್ಡ್ ಟ್ಯೂಬಿನಿಂದ ಗಜಕರ್ಣವನ್ನು ಬಿಡಿಸುವಾಗ

ಗಜಕರ್ಣವೆಂದು, ಅಂದರೆ ಚರ್ಮದ ಮೇಲೆ ಉಂಗುರದಂತೆ ಹರಡುವ ಶಿಲೀಂಧ್ರದ ತುರಿಕೆಯೆಂದು, ರಾಯಚೂರು ಕಡೆಯ ಚರ್ಮದ ಓಪಿಡಿಗೆ ಬರುವವರು ಹಳೆಯ ಚೀಟಿ ಮರೆತು ಬಂದರೂ ಕ್ಯಾರಿಬ್ಯಾಗ್ ಮರೆಯುವುದಿಲ್ಲ. ಅದರೊಳಗೆ ಬುಡದಿಂದ ಸುರುಳಿ ಸುತ್ತಿ ಹಿಂಡಿದ ನಾಲ್ಕೈದು ಟ್ಯೂಬು, ಅರ್ಧ ನುಂಗಿ ಬಿಟ್ಟ ಗುಳಿಗೆ ಪಟ್ಟಿ, ಒಂದು ಔಷಧಿ ಸಾಬೂನು. ಮಾತು ಶುರುವಾಗುವುದೂ ಹೆಚ್ಚುಕಡಿಮೆ ಒಂದೇ ಥರ: ‘ಇದು ಹಚ್ಚಿದ್ರ ಎರಡು ದಿನದಾಗ ಕಡಿಮಿ ಆಗ್ತೈತ್ರಿ ಸರ, ಬಿಟ್ರ ಮತ್ತ ಎದ್ದು ಬರ್ತೈತಿ.’

ಅರ್ಧ ರೋಗನಿರ್ಣಯ ಆ ಮಾತಿನಲ್ಲೇ ಇದೆ. ಶಿಲೀಂಧ್ರವನ್ನು ಕೊಲ್ಲುವ ಮುಲಾಮು ತುರಿಕೆ ಇಳಿಸಲು ಸಾಮಾನ್ಯವಾಗಿ ವಾರದ ಹತ್ತಿರ ತೆಗೆದುಕೊಳ್ಳುತ್ತದೆ. ಎರಡೇ ದಿನಕ್ಕೆ ಕೆಂಪು ಮಾಯ, ತುರಿಕೆ ಮಾಯ ಎಂದರೆ ಟ್ಯೂಬಿನಲ್ಲಿ ಸ್ಟಿರಾಯ್ಡ್, ಅಂದರೆ ದೇಹದ ರಕ್ಷಣೆಯ ಕೆರಳಿಕೆಯನ್ನು ಅಡಗಿಸುವ ಔಷಧಿ, ಇರಲೇಬೇಕು. ಆದ್ದರಿಂದ ನಾವು ಮೈ ನೋಡುವ ಮೊದಲು ಚೀಲವನ್ನು ಮೇಜಿನ ಮೇಲೆ ಸುರಿಸುತ್ತೇವೆ.

ಟ್ಯೂಬಿನ ಮುಂಭಾಗದ ದೊಡ್ಡ ಹೆಸರನ್ನು ಓದಿ ಪ್ರಯೋಜನವಿಲ್ಲ. ಮಡಚಿದ ತುದಿಯ ಹತ್ತಿರವೋ ಹಿಂಬದಿಯಲ್ಲೋ ಇರುವೆ ಸಾಲಿನಂಥ ಅಕ್ಷರಗಳಿರುತ್ತವಲ್ಲ, ಅವನ್ನು ಓದಬೇಕು. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿದರೆ ಕಾಣುತ್ತದೆ. ಹೆಚ್ಚಾಗಿ ಸಿಗುವ ಮಿಶ್ರಣಗಳು ಇವು: ಕ್ಲೋಬೆಟಾಸಾಲ್, ಆಫ್ಲಾಕ್ಸಸಿನ್, ಆರ್ನಿಡಜೋಲ್, ಟರ್ಬಿನಾಫಿನ್ ನಾಲ್ಕೂ ಸೇರಿದ್ದು, ಕ್ಲೋಬೆಟಾಸಾಲ್, ನಿಯೋಮೈಸಿನ್, ಮೈಕೊನಜೋಲ್ ಸೇರಿದ್ದು, ಬೀಟಾಮೆಥಸೋನ್, ಜೆಂಟಾಮೈಸಿನ್, ಕ್ಲೋಟ್ರಿಮಜೋಲ್ ಸೇರಿದ್ದು. ಸ್ಟಿರಾಯ್ಡ್, ಬ್ಯಾಕ್ಟೀರಿಯಾದ ಔಷಧಿ, ಶಿಲೀಂಧ್ರದ ಔಷಧಿ ಎಲ್ಲ ಒಂದೇ ಟ್ಯೂಬಿನಲ್ಲಿ. ಏನು ರೋಗವೆಂದು ಗೊತ್ತಿಲ್ಲದವರು ಕೊಡಲು ಇದಕ್ಕಿಂತ ಸುಲಭದ ವಸ್ತು ಇನ್ನೊಂದಿಲ್ಲ.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಒಂದು, ಹೆಸರು. ಕ್ಲೋಟ್ರಿಮಜೋಲ್ ಶಿಲೀಂಧ್ರದ ಔಷಧಿ, ಕ್ಲೋಬೆಟಾಸಾಲ್ ಅತಿ ತೀವ್ರ ಸ್ಟಿರಾಯ್ಡ್. ಎರಡೂ ‘ಕ್ಲೋ’ದಿಂದಲೇ ಶುರು, ಕೌಂಟರಿನ ಗದ್ದಲದಲ್ಲಿ ಕಿವಿಗೆ ಎರಡೂ ಒಂದೇ. ‘ಸೋನ್’, ‘ಸೋಲೋನ್’, ‘ಓನೈಡ್’ ಎಂದು ಮುಗಿಯುವ ಹೆಸರಿದ್ದರೆ, ಅಥವಾ ಹೆಸರಿನ ಹಿಂದೆ ಪ್ರೊಪಿಯೊನೇಟ್, ವ್ಯಾಲರೇಟ್, ಫ್ಯೂರೊಯೇಟ್ ಎಂಬ ಬಾಲವಿದ್ದರೆ ಸ್ಟಿರಾಯ್ಡ್ ಎಂದೇ ಅನುಮಾನಿಸಿ ಕೇಳಿ ತಿಳಿಯಬೇಕು. ಎರಡನೆಯದು, ಶೇಕಡಾವಾರು. ಶಿಲೀಂಧ್ರದ ಔಷಧಿ ಟರ್ಬಿನಾಫಿನ್ ಶೇ. 1, ಕ್ಲೋಬೆಟಾಸಾಲ್ ಬರೀ ಶೇ. 0.05. ‘ಅದು ಚೂರೇ ಚೂರು ಐತಲ್ರಿ’ ಅನ್ನುತ್ತಾರೆ. ಆ ಚೂರು, ಸೌಮ್ಯ ಸ್ಟಿರಾಯ್ಡ್ ಆದ ಶೇ. 1ರ ಹೈಡ್ರೊಕಾರ್ಟಿಸೋನಿಗಿಂತ ನೂರಾರು ಪಟ್ಟು ಬಲದ್ದು. ವೈದ್ಯರೇ ಬರೆದಾಗಲೂ ಸತತ 2 ವಾರ, ವಾರಕ್ಕೆ 50 ಗ್ರಾಂ ಎಂಬ ಮಿತಿ ಅದಕ್ಕಿದೆ. ತೊಡೆಸಂದಿ, ಕಂಕುಳು, ಮುಖಕ್ಕೆ ಬೇಡವೆಂದು ಬೇರೆ ಎಚ್ಚರಿಕೆ ಇದೆ. ನಮ್ಮೆದುರು ಕೂತವರು ಅದನ್ನು ತೊಡೆಸಂದಿಗೇ ಎಂಟು ತಿಂಗಳಿಂದ ಹಚ್ಚುತ್ತಿರುತ್ತಾರೆ.

2018ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 14 ಹಚ್ಚುವ ಸ್ಟಿರಾಯ್ಡುಗಳಿಗಿದ್ದ ವಿನಾಯಿತಿ ತೆಗೆದು ಚೀಟಿಯಿಲ್ಲದೆ ಮಾರುವಂತಿಲ್ಲ ಎಂದಿತು. ವೈದ್ಯರ ಚೀಟಿ ಬೇಕೇ ಬೇಕೆನ್ನುವ ಶೆಡ್ಯೂಲ್ ಎಚ್ ಎಚ್ಚರಿಕೆ ಟ್ಯೂಬಿನ ಮೇಲೂ ಡಬ್ಬಿಯ ಮೇಲೂ ಅಚ್ಚಾಗಿರುತ್ತದೆ. ಅಚ್ಚಾಗಿರುತ್ತದೆ, ಅಷ್ಟೆ.

ಈಗ ಒಳಗೆ ನಡೆಯುವುದೇನು? ಗಜಕರ್ಣದ ಶಿಲೀಂಧ್ರ ತಿನ್ನುವುದು ಕೆರಾಟಿನ್, ಅಂದರೆ ಚರ್ಮದ ಅತಿ ಮೇಲಿನ ಸತ್ತ ಪದರ, ಕೂದಲು, ಉಗುರು. ಅದು ನಡುವಿನಿಂದ ಹೊರಗೆ ಹರಡುತ್ತದೆ. ದೇಹದ ರಕ್ಷಣೆ ಅದರ ಬೆನ್ನಟ್ಟಿ ಅಂಚಿನಲ್ಲಿ ಜಗಳ ತೆಗೆಯುತ್ತದೆ. ಕೆಂಪು, ಉಬ್ಬು, ಹೊಟ್ಟು, ತುರಿಕೆ ಎಲ್ಲ ಆ ಜಗಳದ ಗುರುತು. ಉಂಗುರ ಕಾಣುವುದೂ ಅದರಿಂದಲೇ. ಸ್ಟಿರಾಯ್ಡ್ ಹಚ್ಚಿದರೆ ಜಗಳ ಮಾಡುವವರು ಮಲಗುತ್ತಾರೆ, ಶಿಲೀಂಧ್ರ ಎಚ್ಚರವಾಗಿಯೇ ಇರುತ್ತದೆ. ಅಂಚು ಮಸುಕಾಗುತ್ತದೆ, ರೋಗ ಮಾತ್ರ ಹೊಟ್ಟೆ, ಸೊಂಟ, ಬೆನ್ನು ಎಂದು ಸದ್ದಿಲ್ಲದೆ ಏರುತ್ತದೆ. ವೇಷ ಮರೆಸಿಕೊಂಡ ಈ ಗಜಕರ್ಣಕ್ಕೆ 1968ರಲ್ಲಿ ಐವ್ ಮತ್ತು ಮಾರ್ಕ್ಸ್ ಎಂಬ ಬ್ರಿಟನ್ನಿನ ವೈದ್ಯರು ‘ಟಿನಿಯಾ ಇನ್‌ಕಾಗ್ನಿಟೊ’ ಎಂದು ಹೆಸರಿಟ್ಟರು. ಅದೇ ಟ್ಯೂಬಿನಲ್ಲಿ ಶಿಲೀಂಧ್ರದ ಔಷಧಿಯೂ ಇದೆಯಲ್ಲ ಎಂದು ಕೇಳುವವರಿದ್ದಾರೆ, ನ್ಯಾಯವಾದ ಪ್ರಶ್ನೆ. ತುರಿಕೆ ಎರಡು ದಿನಕ್ಕೆ ನಿಂತ ಮೇಲೆ ಯಾರೂ ನಾಲ್ಕು ವಾರ ಹಚ್ಚುವುದಿಲ್ಲ. ಹೀಗಾಗಿ ಶಿಲೀಂಧ್ರಕ್ಕೆ ಸಾಯುವಷ್ಟು ಔಷಧಿ ಸಿಗುವುದೇ ಇಲ್ಲ, ಅಭ್ಯಾಸವಾಗುವಷ್ಟು ಸಿಗುತ್ತದೆ.

ಅಭ್ಯಾಸ ಎಂಬುದು ಬರೀ ಮಾತಲ್ಲ. 2020ರಲ್ಲಿ ಜಪಾನಿನ ಸಂಶೋಧಕರು ಭಾರತ ಮತ್ತು ನೇಪಾಳದಿಂದ ಬಂದ ರೋಗಿಗಳಲ್ಲಿ ಸಿಕ್ಕ ಶಿಲೀಂಧ್ರಕ್ಕೆ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೊಸ ಹೆಸರು ಕೊಟ್ಟರು. ಟರ್ಬಿನಾಫಿನ್ ಹೋಗಿ ಕೂರಬೇಕಾದ ಕಿಣ್ವದ ಆಕಾರವೇ ಇದರ ಹಲವು ತಳಿಗಳಲ್ಲಿ ಬದಲಾಗಿದೆ, ಬೀಗ ಬದಲಿಸಿದ ಮನೆಗೆ ಹಳೆ ಕೀಲಿ ಹಾಕಿದ ಹಾಗೆ. ಹಿಂದೆ 2 ವಾರ ಟರ್ಬಿನಾಫಿನ್ ನುಂಗಿದರೆ ಹೋಗುತ್ತಿದ್ದದ್ದು ಈಗ ಹೋಗದಿರುವುದಕ್ಕೆ ಇದೂ ಒಂದು ಕಾರಣ.

ಇನ್ನು ಮೈ ನೋಡುವುದು. ತೋರಿಸುವುದು ಒಂದು ಕಲೆ, ಇರುವುದು ಹತ್ತು. ನಾಚಿಕೆಯಿಂದ ಕೈ ಮೇಲಿನದನ್ನಷ್ಟೇ ತೋರಿಸಿ ಹೋಗುವವರೇ ಹೆಚ್ಚು. ಹೆಣ್ಣುಮಕ್ಕಳಿಗಾದರೆ ನರ್ಸಮ್ಮ ಜೊತೆಗಿದ್ದು, ಪರದೆ ಎಳೆದು, ತೊಡೆಸಂದಿ, ಪೃಷ್ಠ, ಎದೆಯ ಕೆಳಗಿನ ಮಡಿಕೆ, ಲಂಗದ ಲಾಡಿ ಕಟ್ಟುವ ಜಾಗ ನೋಡಲೇಬೇಕು. ಗಂಡಸರಲ್ಲಿ ಉಡದಾರದ ಕೆಳಗೆ. ಬೆವರು ಕುಡಿದ ಕರಿ ದಾರ ಸೊಂಟದ ಸುತ್ತ ಹಗಲೂ ರಾತ್ರಿ ಉಜ್ಜುತ್ತಿರುತ್ತದೆ, ಅದರ ಹಾದಿಗುಂಟ ಕಲೆ ಬೆಲ್ಟಿನಂತೆ ಸುತ್ತಿಕೊಂಡಿರುತ್ತದೆ. ಗಂಗಾವತಿ, ಸಿಂಧನೂರು ಕಡೆಯ ಭತ್ತದ ಗದ್ದೆಯವರಾದರೆ ಕಾಲ್ಬೆರಳಿನ ಸಂದಿ ಬಿಡಿಸಿ ನೋಡುತ್ತೇವೆ. ಉಗುರು ದಪ್ಪವಾಗಿ ಪುಡಿಪುಡಿಯಾಗಿದ್ದರೆ ಮೈ ವಾಸಿಯಾದರೂ ಅಲ್ಲಿಂದ ಮತ್ತೆ ಹೊರಡುತ್ತದೆ.

ಸ್ಟಿರಾಯ್ಡ್ ಹಚ್ಚಿದ ಕಲೆ ಪುಸ್ತಕದ ಚಿತ್ರದಂತಿರುವುದಿಲ್ಲ. ಅಂಚು ಒಂದು ಕಡೆ ಇದೆ, ಒಂದು ಕಡೆ ಅಳಿಸಿದೆ. ಹೊಟ್ಟು ಇಲ್ಲ. ನಡುವೆ ಚಿಕ್ಕ ಗುಳ್ಳೆ, ಕೀವಿನ ಬೊಕ್ಕೆ. ಕೆಲವರಲ್ಲಿ ಒಂದು ಉಂಗುರದ ಒಳಗೆ ಇನ್ನೊಂದು ಉಂಗುರ, ಕೆರೆಗೆ ಕಲ್ಲು ಎಸೆದಾಗ ಏಳುವ ಅಲೆಯಂತೆ: ಟ್ಯೂಬು ಹಚ್ಚಿ ಬಿಟ್ಟು, ಹಚ್ಚಿ ಬಿಟ್ಟು ಮಾಡಿದಾಗ ನಡುವೆ ಉಳಿದ ಶಿಲೀಂಧ್ರ ಎರಡನೇ ಸಲ ಹೊರಟದ್ದು. ಇದು ಕಂಡರೆ ಚೀಲ ತರದಿದ್ದವರಿಗೂ ‘ಯಾವ ಟ್ಯೂಬು ಹಚ್ಚಿದ್ರಿ?’ ಎಂದೇ ಕೇಳುವುದು. ಕೂದಲಿನ ಬುಡದಲ್ಲಿ ಗಟ್ಟಿ ಗುಳ್ಳೆಗಳಿದ್ದರೆ ಶಿಲೀಂಧ್ರ ಕೂದಲ ಚೀಲದೊಳಗೆ ಇಳಿದಿದೆ, ಹಚ್ಚುವ ಮುಲಾಮು ಅಲ್ಲಿಗೆ ಮುಟ್ಟದು. ಇಸಬು, ಸೋರಿಯಾಸಿಸ್ ಕೂಡ ಹೀಗೆ ಕಾಣುವುದುಂಟು. ಬಿಳಿಚಿದ ಕಲೆಯಾದರೆ ಹತ್ತಿಯ ಎಳೆ ಮುಟ್ಟಿಸಿ ಸ್ಪರ್ಶ ಇದೆಯೇ ನೋಡಬೇಕು. ಸ್ಪರ್ಶ ಇಲ್ಲದಿದ್ದರೆ ದಾರಿಯೇ ಬೇರೆ, ಅದು ಕುಷ್ಠದ ತಪಾಸಣೆ.

ಅನುಮಾನವಿದ್ದಲ್ಲಿ ಕೆರೆದು ನೋಡುತ್ತೇವೆ. ಇದು ಹತ್ತು ರೂಪಾಯಿಯ ಸಾಮಾನಿನಲ್ಲಿ ಹತ್ತಿಪ್ಪತ್ತು ನಿಮಿಷದಲ್ಲಿ ಮುಗಿಯುವ ಪರೀಕ್ಷೆ, ಆದರೂ ಎಷ್ಟೋ ಕಡೆ ಮಾಡುವುದಿಲ್ಲ. ಮೊದಲು ಜಾಗವನ್ನು ಸ್ಪಿರಿಟ್ಟಿನಿಂದ ಚೆನ್ನಾಗಿ ಒರೆಸಬೇಕು. ಮುಲಾಮಿನ ಜಿಡ್ಡು ಉಳಿದರೆ ಎಣ್ಣೆಯ ಹನಿಗಳೇ ಗಾಜಿನ ತುಂಬ. ಸರ್ಜಿಕಲ್ ಬ್ಲೇಡಿನ ಮೊಂಡು ಬದಿಯಿಂದ ಅಥವಾ ಗಾಜಿನ ಸ್ಲೈಡಿನ ಅಂಚಿನಿಂದ ಕಲೆಯ ಅಂಚನ್ನು ಹೊರಮುಖವಾಗಿ ಕೆರೆದು ಪುಡಿಯನ್ನು ಸ್ಲೈಡಿಗೆ ಉದುರಿಸುವುದು. ನಡುವಿನಿಂದ ಕೆರೆದರೆ ಏನೂ ಸಿಗದಿರಬಹುದು. ಮೇಲೆ ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ, ಅದರ ಮೇಲೆ ಕವರ್ ಸ್ಲಿಪ್, 10ರಿಂದ 20 ನಿಮಿಷ ಬಿಡುವುದು. ಉಗುರಿನ ಪುಡಿಯಾದರೆ ದ್ರಾವಣ ಶೇ. 20ರಿಂದ 40, ಕಾಯುವುದೂ ಹೆಚ್ಚು. ಅವಸರಕ್ಕೆ ದೀಪದ ಮೇಲೆ ಹಿಡಿದು ಕುದಿಸಿದರೆ ಹರಳುಗಟ್ಟಿ ಕೆಡುತ್ತದೆ, ಬೆಚ್ಚಗಾದರೆ ಸಾಕು.

ಸೂಕ್ಷ್ಮದರ್ಶಕದ ಬೆಳಕು ಕಡಿಮೆ ಮಾಡಿ ಮೊದಲು 10ರ ಮಸೂರ, ಆಮೇಲೆ 40ರದ್ದು. ಚರ್ಮದ ಕೋಶಗಳು ಬಂಡೆ ಹಾಸಿನ ಅಂಗಳದ ಹಾಗೆ ಜೋಡಿಸಿಕೊಂಡಿರುತ್ತವೆ. ಶಿಲೀಂಧ್ರದ ಎಳೆ ಆ ಕಲ್ಲುಗಳ ಮೇಲೆ ಅಡ್ಡಡ್ಡ ಹಾದು ಹೋಗುತ್ತದೆ, ನಡುನಡುವೆ ಗಂಟು, ಅಲ್ಲಲ್ಲಿ ಕವಲು, ಒಂದೇ ಸಮ ದಪ್ಪ, ತುಸು ಹಸಿರು ಹೊಳಪು. ಕಲ್ಲಿನ ಸಂದಿಗುಂಟವೇ ಸಾಗುವ ಗೆರೆ ಕಂಡರೆ ಅದು ಎಳೆಯಲ್ಲ, ಕೋಶಗಳ ಗಡಿ. ಹೊಸಬರು ಮೋಸ ಹೋಗುವುದು ಅಲ್ಲೇ. ಸ್ಟಿರಾಯ್ಡ್ ಹಚ್ಚಿದವರ ಸ್ಲೈಡಿನಲ್ಲಿ ಹುಡುಕುವ ಕೆಲಸವೇ ಇರುವುದಿಲ್ಲ, ಹುಲ್ಲಿನ ಬಣವೆ ಬಿಚ್ಚಿ ಹರವಿದಂತೆ ಎಳೆಯೋ ಎಳೆ. ಮೇಲೆ ನೋಡಿದರೆ ಕಲೆ ಮಸುಕು, ಕೆಳಗೆ ಜಾತ್ರೆ. ರೋಗಿಯನ್ನೇ ಕರೆದು ಮಸೂರಕ್ಕೆ ಕಣ್ಣಿಡಿಸಿದರೆ ಅರ್ಧ ಗಂಟೆಯ ಉಪದೇಶ ಉಳಿಯುತ್ತದೆ. ಒಂದು ಎಚ್ಚರ: ಹಿಂದಿನ ಒಂದೆರಡು ವಾರದಲ್ಲಿ ಶಿಲೀಂಧ್ರದ ಔಷಧಿ ಹಚ್ಚಿದ್ದರೆ ಎಳೆ ಕಾಣದೆ ಇರಬಹುದು, ಹಾಗೆಂದು ರೋಗವಿಲ್ಲವೆಂದಲ್ಲ. ಕಲ್ಚರ್, ಅಂದರೆ ಪ್ರಯೋಗಾಲಯದಲ್ಲಿ ಶಿಲೀಂಧ್ರ ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಿದರೆ ವರದಿಗೆ 4 ವಾರವೂ ಆಗಬಹುದು. ಔಷಧಿಗೆ ಬಗ್ಗದವರಿಗಷ್ಟೇ ಅದು.

ಇಷ್ಟಾದ ಮೇಲೆ ಚೀಲದ ಟ್ಯೂಬುಗಳು ಕಸದ ಡಬ್ಬಿಗೆ. ಮೈಮೇಲೆ ಹಚ್ಚುತ್ತಿದ್ದ ಸ್ಟಿರಾಯ್ಡನ್ನು ಅಂದೇ ನಿಲ್ಲಿಸಬೇಕು. ಆದರೆ ಚೀಲದಲ್ಲಿ ಪ್ರೆಡ್ನಿಸೊಲೋನ್, ಡೆಕ್ಸಾಮೆಥಸೋನ್, ಬೀಟಾಮೆಥಸೋನ್ ಎಂಬ ಸ್ಟಿರಾಯ್ಡ್ ಗುಳಿಗೆ ಕಂಡರೆ ಅಥವಾ ‘ತಿಂಗಳಿಗೊಂದು ಸೂಜಿ ಮಾಡಿಸ್ಕೊಂತಿದ್ವಿ’ ಎಂದರೆ ಕೈ ತಡೆಯಬೇಕು. 3 ವಾರಕ್ಕಿಂತ ಹೆಚ್ಚು ನುಂಗಿದವರ ದೇಹ ತನ್ನ ಸ್ವಂತ ಸ್ಟಿರಾಯ್ಡ್ ಆದ ಕಾರ್ಟಿಸೋಲಿನ ತಯಾರಿ ನಿಲ್ಲಿಸಿರಬಹುದು; ಒಮ್ಮೆಲೆ ಬಿಟ್ಟರೆ ವಾಂತಿ, ನಿಶ್ಶಕ್ತಿ, ಬಿಪಿ ಕುಸಿತ. ಅವರಿಗೆ ಬೆಳಿಗ್ಗೆ 8ರ ಕಾರ್ಟಿಸೋಲ್ ಪರೀಕ್ಷೆ ಮಾಡಿಸಿ ಹಂತಹಂತವಾಗಿ ಇಳಿಸುತ್ತಾರೆ. ಮುಖಕ್ಕೆ ವರ್ಷಗಟ್ಟಲೆ ಹಚ್ಚಿದವರದ್ದೂ ಬೇರೆ ಲೆಕ್ಕ.

ಟ್ಯೂಬು ಬಿಟ್ಟ ಮೂರನೆಯ ದಿನದಿಂದ ಸುಮಾರು ಹತ್ತನೆಯ ದಿನದವರೆಗಿನ ಕಾಲ ಇಡೀ ಚಿಕಿತ್ಸೆಯಲ್ಲೇ ಕಠಿಣ. ಮಲಗಿದ್ದ ರಕ್ಷಣೆ ಎದ್ದು ಎದುರಿಗೆ ಅಷ್ಟೊಂದು ಶಿಲೀಂಧ್ರ ನೋಡಿದ ಕೂಡಲೇ ಮೈಯೆಲ್ಲ ಕೆಂಪು, ಉರಿ, ರಾತ್ರಿ ನಿದ್ದೆಗೆಡಿಸುವ ತುರಿಕೆ. ಮಸುಕಾಗಿದ್ದ ಉಂಗುರಗಳು ಈಗ ಕಂಪಾಸಿನಲ್ಲಿ ಗೀಚಿದಂತೆ ಸ್ಪಷ್ಟ. ‘ಡಾಕ್ಟರ ಔಷಧಿ ಹಿಡಿಸಲಿಲ್ಲ’ ಎಂದು ಜನ ಮತ್ತೆ ಮೆಡಿಕಲ್ ಶಾಪಿಗೆ ನಡೆಯುವುದು ಈ ವಾರವೇ. ನಮ್ಮ ಲೆಕ್ಕದಲ್ಲಿ ಚಿಕಿತ್ಸೆ ಸೋಲುವುದು ಶಿಲೀಂಧ್ರದ ಕೈಯಲ್ಲಿ ಕಡಿಮೆ, ಈ ಒಂದು ವಾರದ ಕೈಯಲ್ಲಿ ಜಾಸ್ತಿ. ಅದಕ್ಕೇ ಚೀಟಿಯ ಹಿಂದೆ ದೊಡ್ಡಕ್ಷರದಲ್ಲಿ ಬರೆದುಕೊಡುತ್ತೇವೆ: ‘ಮುಂದಿನ ವಾರ ಹೆಚ್ಚಾಗುತ್ತದೆ. ಹೆದರಬೇಡಿ. ಹಳೆ ಟ್ಯೂಬು ಬೇಡ.’ ರಾತ್ರಿಗೆ ಲಿವೊಸೆಟ್ರಿಜಿನ್ 5 ಮಿ.ಗ್ರಾಂ ಥರದ ತುರಿಕೆ ಗುಳಿಗೆ, ಉರಿಗೆ ತಣ್ಣೀರಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು 10 ನಿಮಿಷ ಇಟ್ಟು ಆಮೇಲೆ ಒಣಗಿಸಿಕೊಳ್ಳುವುದು. ಸುಣ್ಣ, ಸೀಮೆಎಣ್ಣೆ, ಸುಡುವ ಕರಿ ಮುಲಾಮು ಯಾವುದೂ ಬೇಡ. ತೆಳ್ಳಗಾದ ಚರ್ಮ ಅದನ್ನು ತಡೆಯದೆ ಹುಣ್ಣಾಗುತ್ತದೆ.

ಹಚ್ಚುವ ಔಷಧಿಯಲ್ಲಿ ಶಿಲೀಂಧ್ರದ ಔಷಧಿಯ ಒಂದೇ ಒಂದು ಹೆಸರಿರಬೇಕು: ಲುಲಿಕೊನಜೋಲ್ ಶೇ. 1 ದಿನಕ್ಕೊಮ್ಮೆ, ಅಥವಾ ಸರ್ಟಕೊನಜೋಲ್ ಶೇ. 2 ದಿನಕ್ಕೆರಡು ಸಲ, ಹೀಗೆ. ಕಲೆಯ ಮೇಲಷ್ಟೇ ಅಲ್ಲ, ಅಂಚಿನಿಂದ 2 ಸೆಂ.ಮೀ. ಹೊರಗಿನವರೆಗೆ, ಹೊರಗಿನಿಂದ ಒಳಗೆ ಹಚ್ಚುವುದು. ಕಲೆ ಹೋದ ಮೇಲೂ 2 ವಾರ. ಪ್ರಮಾಣದ ಬಗ್ಗೆ ಯಾರೂ ಹೇಳುವುದಿಲ್ಲ, ಕೇಳುವುದೂ ಇಲ್ಲ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಬೆರಳು ಸೇರಿ ಎರಡು ಅಂಗೈಯಗಲದ ಜಾಗಕ್ಕೆ ಸಾಕು. ಎರಡೂ ತೊಡೆ, ಪೃಷ್ಠ, ಸೊಂಟ ಸೇರಿ ಹತ್ತು ಅಂಗೈಯಗಲ ಎಂದಿಟ್ಟುಕೊಂಡರೆ ಒಂದು ಸಲಕ್ಕೆ ಎರಡೂವರೆ ಗ್ರಾಂ. 15 ಗ್ರಾಂ ಟ್ಯೂಬು ದಿನಕ್ಕೊಮ್ಮೆ ಹಚ್ಚಿದರೂ 6 ದಿನಕ್ಕೆ ಖಾಲಿ. ಅದೇ ಟ್ಯೂಬು ತಿಂಗಳು ಬಂತು ಎಂದರೆ ಹಚ್ಚಿದ್ದು ಔಷಧಿಯಲ್ಲ, ಔಷಧಿಯ ವಾಸನೆ. ಕೂಲಿಯವರಿಗೆ ಇದು ಭಾರ, ಹಾಗಾಗಿ ಇಷ್ಟು ಹರಡಿದವರಿಗೆ ಗುಳಿಗೆಯೇ ಮುಖ್ಯ, ಮುಲಾಮು ಜೊತೆಗೆ.

ಶಿಲೀಂಧ್ರಕ್ಕೆ ನುಂಗುವ ಗುಳಿಗೆ ಈಗ ಹೆಚ್ಚಾಗಿ ಇಟ್ರಾಕೊನಜೋಲ್, ದಿನಕ್ಕೆ 100ರಿಂದ 200 ಮಿ.ಗ್ರಾಂ, ಸ್ಟಿರಾಯ್ಡ್ ಕೆಡಿಸಿದ ಕಲೆಗೆ 4 ವಾರಕ್ಕೆ ಮುಗಿಯುವುದು ಕಡಿಮೆ, 6ರಿಂದ 8 ವಾರ, ಕೆಲವರಿಗೆ ಇನ್ನೂ ಹೆಚ್ಚು. ಈ ಕ್ಯಾಪ್ಸೂಲು ಹೊಟ್ಟೆಯ ಆಮ್ಲದಲ್ಲೇ ಕರಗಬೇಕು. ಹೊಟ್ಟೆ ತುಂಬ ಉಂಡ ಕೂಡಲೇ ನುಂಗಬೇಕು. ನಮ್ಮ ಕಡೆ ಏನೇ ಗುಳಿಗೆ ಬರೆದರೂ ಜೊತೆಗೊಂದು ಗ್ಯಾಸಿನ ಗುಳಿಗೆ ಇರಬೇಕೆಂಬುದು ಶಾಸ್ತ್ರ. ಪ್ಯಾಂಟೊಪ್ರಜೋಲ್ ಬೆಳಿಗ್ಗೆ ನುಂಗಿದರೆ ದಿನವಿಡೀ ಆಮ್ಲ ಕಡಿಮೆ, ಇಟ್ರಾಕೊನಜೋಲ್ ಕರಗದೆ ಹೊರಗೆ. ಔಷಧಿ ಕೆಲಸ ಮಾಡಲಿಲ್ಲ ಎಂದು ಬಂದವರಿಗೆ ನಾವು ಕೇಳುವ ಮೊದಲ ಪ್ರಶ್ನೆಯೇ ಗ್ಯಾಸಿನ ಗುಳಿಗೆಯದ್ದು. ಹೃದಯ ದುರ್ಬಲವಾಗಿ ಕಾಲು ಬಾವು ಬರುವವರಿಗೆ ಇದು ಬೇಡ, ಬಸುರಿಯರಿಗೆ ಬೇಡ, ಕೊಲೆಸ್ಟ್ರಾಲಿಗೆ ಸಿಮ್ವಾಸ್ಟಾಟಿನ್ ನುಂಗುವವರಿಗೆ ಬೇಡ. ಲಿವರ್ ಪರೀಕ್ಷೆ ಶುರುವಿಗೊಮ್ಮೆ, ತಿಂಗಳು ದಾಟಿದರೆ ಮತ್ತೊಮ್ಮೆ. ಇದರ ನಡುವೆ ಗುಟ್ಟಾಗಿ ಸ್ಟಿರಾಯ್ಡ್ ಸೂಜಿ ಮಾಡಿಸಿಕೊಂಡರೆ ಅಪಾಯ ಇಮ್ಮಡಿ: ಡೆಕ್ಸಾಮೆಥಸೋನ್, ಟ್ರಯಾಮ್ಸಿನೊಲೋನಿನಂಥವು ಮೈಯಿಂದ ಹೊರಹೋಗುವ ದಾರಿಯನ್ನೇ ಇಟ್ರಾಕೊನಜೋಲ್ ಕಟ್ಟಿಹಾಕುತ್ತದೆ.

ಮನೆ ಕಡೆಯ ಕೆಲಸವೂ ಔಷಧಿಯಷ್ಟೇ. ಒಂದೇ ಟವೆಲಿನಲ್ಲಿ ಐದು ಮಂದಿ ಮೈ ಒರೆಸಿಕೊಳ್ಳುವ ಮನೆಯಲ್ಲಿ ಒಬ್ಬರಿಗೆ ಔಷಧಿ ಕೊಟ್ಟರೆ ಅದು ತಿರುಗಿ ಬರುತ್ತದೆ. ತುರಿಕೆ ಇದ್ದವರೆಲ್ಲ ಒಂದೇ ದಿನ ಶುರು ಮಾಡಬೇಕು. ಉದುರಿದ ಹೊಟ್ಟಿನಲ್ಲಿ ಶಿಲೀಂಧ್ರದ ಬೀಜ ತಿಂಗಳುಗಟ್ಟಲೆ ಬದುಕಿರುತ್ತದೆ. ಒಳಬಟ್ಟೆ, ಟವೆಲು, ಹಾಸಿಗೆ ಹೊದಿಕೆ ಬೇರೆ ಬಕೀಟಿನಲ್ಲಿ 60 ಡಿಗ್ರಿಯ, ಅಂದರೆ ಕೈ ಇಡಲಾಗದಷ್ಟು ಬಿಸಿಯ ನೀರಿನಲ್ಲಿ ನೆನೆಸಿ ಒಗೆದು, ಒಳಗು ಹೊರಗು ಮಾಡಿ ಬಿಸಿಲಿಗೆ. ರಾಯಚೂರಿನ ಬಿಸಿಲನ್ನು ಬೈಯುವುದೇ ರೂಢಿ, ಇಲ್ಲಿ ಅದೇ ಪುಕ್ಕಟೆ ಔಷಧಿ. ಮಳೆಗಾಲದಲ್ಲಿ ಒಣಗದಿದ್ದರೆ ಹೊಲಿಗೆಯ ಮೇಲೆ ಇಸ್ತ್ರಿ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿದು ಊರೂರಿಗೆ ಕಳಿಸುತ್ತಾರೆ, ಅಲ್ಲಿಯ ಹುಡುಗರೂ ಏಪ್ರಿಲ್ಲಿನಲ್ಲಿ ಬಿಗಿ ಜೀನ್ಸ್ ಬಿಡರು. ಚಿಕಿತ್ಸೆ ಮುಗಿಯುವ ತನಕ ಸಡಿಲ ಹತ್ತಿ ಪ್ಯಾಂಟೋ ಲುಂಗಿಯೋ ಇರಲಿ. ಉಡದಾರ ತೆಗೆಯಿರಿ ಎಂದರೆ ಹಿರಿಯರು ಒಪ್ಪುವುದಿಲ್ಲ. ಹಳೆಯದನ್ನು ಬಿಚ್ಚಿ, ವಾಸಿಯಾದ ಮೇಲೆ ಹೊಸದು ಕಟ್ಟಿಕೊಳ್ಳಿ ಎಂದರೆ ಒಪ್ಪುತ್ತಾರೆ.

ಕೂಸುಗಳಿಗೆ ಲಂಗೋಟಿಯ ಕೆಂಪಿಗೆ ದೊಡ್ಡವರ ಟ್ಯೂಬು ಹಚ್ಚುವುದನ್ನು ಕಂಡಾಗ ಮಾತ್ರ ದನಿ ಏರುತ್ತದೆ. ಮುಂಗೈಗೆ ಹೋಲಿಸಿದರೆ ವೃಷಣದ ಚರ್ಮ ಹೈಡ್ರೊಕಾರ್ಟಿಸೋನನ್ನು ಸುಮಾರು 42 ಪಟ್ಟು ಹೀರುತ್ತದೆಂದು 1967ರಲ್ಲೇ ಅಳೆದಿದ್ದಾರೆ. ಅದೂ ದೊಡ್ಡವರಲ್ಲಿ, ಮೇಲೆ ಬಟ್ಟೆ ಬಿಗಿಯದೆ.

ಆರೆಂಟು ವಾರಕ್ಕೆ ಬಂದಾಗ ಹಳೆ ಅಂಚಿನಲ್ಲೇ ಮತ್ತೆ ಕೆರೆದು ನೋಡುತ್ತೇವೆ. ಅಂಗಳದ ಕಲ್ಲುಗಳು ಮಾತ್ರ ಉಳಿದು ಎಳೆ ಕಾಣದಿದ್ದರೆ ಇನ್ನೆರಡು ವಾರ ಹಚ್ಚಿಸಿ ನಿಲ್ಲಿಸುವುದು. ಕಪ್ಪು ಛಾಯೆ ಹೋಗಲು ತಿಂಗಳುಗಳು ಬೇಕು. ಸ್ಟಿರಾಯ್ಡಿನಿಂದ ತೊಡೆಸಂದಿಯಲ್ಲಿ ಸೀಳಿದಂತೆ ಮೂಡಿದ ಅಗಲ ಗೆರೆಗಳು ಹೋಗುವುದಿಲ್ಲ. ಕೆಂಪಗಿದ್ದದ್ದು ಬೆಳ್ಳಗಾಗಿ ಅಲ್ಲೇ ಉಳಿಯುತ್ತವೆ. ‘ಈ ಕಲೆಗೊಂದು ಟ್ಯೂಬು ಬರೀರಿ’ ಎಂದು ಕೇಳದವರಿಲ್ಲ. ಅಂಗಡಿಯಲ್ಲಿ ಕಲೆ ತೆಗೆಯುವುದೆಂದು ಕೊಡುವ ಟ್ಯೂಬಿನ ಹಿಂಬದಿಯನ್ನು ಅವರಿಂದಲೇ ಓದಿಸುತ್ತೇವೆ: ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಮೂರನೆಯದು ಮೊಮೆಟಾಸೋನ್ ಫ್ಯೂರೊಯೇಟ್. ಬಾಲ ನೋಡಿ ಅವರೇ ಟ್ಯೂಬನ್ನು ಮೇಜಿನ ಮೇಲೆ ಬಿಟ್ಟು ಏಳುತ್ತಾರೆ, ಎಲ್ಲರೂ ಅಲ್ಲ.